ಹನ್ನೊಂದು ಲೋಡು ಹೊಯಿಗೆ

ಬೆಳಿಗ್ಗೆ ಬಾವಿಯ ರಾಟೆ ಕಿರುಗುಟ್ಟಿತೆಂದರೆ ಸುಗಂಧಿ ಬಂದಳೆಂದೇ ಅರ್ಥ. ಹಿತ್ತಿಲ ಬಾಗಿಲಿನ ಹಿಂದೆ ನಿಂತ ವೆರೊನಿಕಾ, ಹೊರಗೆ ಹೋಗಿ ಮುಖ ಕೊಡಬೇಕೋ, ಬಚ್ಚಲಲ್ಲಿದ್ದೇನೆ ಎಂಬಂತೆ ಸುಮ್ಮನಿರಬೇಕೋ ತಿಳಿಯದೆ ಕೈಯಲ್ಲಿದ್ದ ಮಸಿಬಟ್ಟೆಯನ್ನು ಹಿಂಡುತ್ತಿದ್ದಳು. ಕಳೆದ ಆಗಸ್ಟಿನಿಂದ ದಿನವೂ ಇದೇ ಪಾಡು. ಮೋಟಾರು ಹಾಕುತ್ತೇನೆ, ಪೈಪು ಹಿಡಿದುಕೋ ಎಂದು ಎಷ್ಟು ಹೇಳಿದರೂ ಸುಗಂಧಿ ಕೇಳುವವಳಲ್ಲ. ನೀರು ಕೊಡುವುದೇ ದೊಡ್ಡದು, ಕರೆಂಟೂ ನಿಮ್ಮದೇ ಯಾಕೆ ಎಂದು ಹಗ್ಗ ಹಿಡಿದು ಸೇದುತ್ತಾಳೆ. ಒಂದು ಕೊಡ ತಲೆಗೆ, ಒಂದು ಸೊಂಟಕ್ಕೆ ಏರಿಸಿಕೊಂಡು ಹೊರಡುವಾಗ ಒಮ್ಮೆ ಮನೆಯ ಕಡೆ ತಿರುಗಿ, ಯಾರೂ ಕಾಣದಿದ್ದರೂ ಗೋಡೆಗೆ ಹೇಳಿದಂತೆ, ನಿಮ್ಮ ಬಾವಿ ಇಲ್ಲದಿದ್ದರೆ ನಮ್ಮ ಗತಿ ಎಂತ ಆಗುತ್ತಿತ್ತು ಬಾಯಮ್ಮ ಎನ್ನುತ್ತಾಳೆ. ಅದೊಂದು ಮಾತನ್ನು ವೆರೊನಿಕಾಳಿಗೆ ಸಹಿಸಲಾಗುವುದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಬೈಗುಳಕ್ಕೆ ಉತ್ತರ ಕೊಡಬಹುದು, ಬಾಗಿಲು ಹಾಕಿಕೊಳ್ಳಬಹುದು, ಸಂಜೆ ಗಂಡನ ಹತ್ತಿರ ಚಾಡಿ ಹೇಳಿ ಹಗುರಾಗಬಹುದು. ಹೊಗಳಿಕೆಯನ್ನು ಎಲ್ಲಿಗೆ ಕೊಂಡುಹೋಗಿ ಹಾಕುವುದು? ಈ ದಿನವೂ ಅವಳು ಬಾಗಿಲ ಹಿಂದೆಯೇ ನಿಂತಳು. ರಾಟೆ ನಿಂತಿತು, ಮಾತು ಬಂತು, ಒದ್ದೆ ಕಾಲಿನ ಸದ್ದು ರಸ್ತೆ ದಾಟಿ ಕಡಲ ಕಡೆಗೆ ಹೋಯಿತು. ಆಮೇಲೆ ಕಡಲಿನದೇ ಸದ್ದು. ಮೊದಲೆಲ್ಲ ಅದು ದಿಬ್ಬದ ಆಚೆಯಿಂದ, ಇನ್ನೊಬ್ಬರ ಮನೆಯ ಜಗಳದಂತೆ ಮಂದವಾಗಿ ಕೇಳುತ್ತಿತ್ತು. ಈಗ ಹಿತ್ತಿಲಲ್ಲೇ ನಿಂತು ಹೆಸರು ಹಿಡಿದು ಕರೆದಂತೆ ಕೇಳುತ್ತದೆ.

ಶಾರ್ಲೆಟ್‌ಳ ಮದುವೆಯ ಡಿಸೆಂಬರಿನಲ್ಲಿ ಶುರುವಾದದ್ದು ಇದೆಲ್ಲ. ಒಬ್ಬಳೇ ಮಗಳು, ಈಗ ಕುಕ್ಕುಂದೂರಿನಲ್ಲಿ ಗಂಡ, ಅತ್ತೆಯ ಜೊತೆ ಸುಖವಾಗಿದ್ದಾಳೆ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಮನೆಯಂಗಳದಲ್ಲೇ ಆಗಬೇಕು, ಬಾಡಿಗೆಯ ಸಭಾಂಗಣದಲ್ಲಿ ಅಲ್ಲ ಎಂದು ಹಟ ಹಿಡಿದವಳು ವೆರೊನಿಕಾಳೇ. ಚಪ್ಪರದಡಿಗೆ ಹೊಸ ಹೊಯಿಗೆ, ಕಡಲ ಮರಳು, ಹಾಸುವುದು ಈ ಕಡೆ ಯಾರ ಮನೆಯ ಕಾರ್ಯಕ್ಕಾದರೂ ಉಂಟು. ಕಡಲ ದಿಬ್ಬದಿಂದ ನಾಲ್ಕು ಬುಟ್ಟಿ ತರುತ್ತಾರೆ, ಎರಚುತ್ತಾರೆ, ಹೊಂಡವನ್ನು ಗಾಳಿ ವಾರದೊಳಗೆ ತುಂಬಿಸುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಅಂಗಳದ ಒಂದು ಮೂಲೆ ತಗ್ಗು, ಬ್ಯಾಂಡಿನವರಿಗೆ ಜಾಗ ಬೇಕು, ಬರುವವರು ಮುನ್ನೂರು ಜನ. ಒಂದು ಟಿಪ್ಪರ್ ಹೇಳಿದಳು. ಬಂದವನು, ಹೇಗೂ ಬಂದದ್ದಾಯಿತು, ಹಿತ್ತಿಲನ್ನೂ ಎತ್ತರಿಸಿಬಿಡಿ ಬಾಯಮ್ಮ, ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ ಎಂದ. ಹೌದಲ್ಲ ಅನ್ನಿಸಿತು. ಎರಡು ದಿನ, ಹನ್ನೊಂದು ಲೋಡು. ಸುಗಂಧಿಯ ಮನೆಯ ಪಕ್ಕದ ಓಣಿಯಲ್ಲೇ ಟಿಪ್ಪರ್ ಹೋಗಬೇಕು, ಅವಳ ಮನೆಯ ಎದುರಿನ ದಿಬ್ಬವನ್ನೇ ಜೆಸಿಬಿ ಮುಟ್ಟಬೇಕು. ಆ ಎರಡು ದಿನ ಸುಗಂಧಿಯೂ ಅವಳ ಗಂಡ ಶೀನನೂ ಬೆಳ್ಮಣ್ಣಿನ ತಂಗಿಯ ಹೊಸ ಮನೆಯ ಒಕ್ಕಲಿಗೆ ಹೋಗಿದ್ದರು. ಅವರಿಲ್ಲದ ದಿನವನ್ನು ಆರಿಸಿದ್ದು ಟಿಪ್ಪರಿನವನ ಅನುಕೂಲವೋ, ತನ್ನ ಬುದ್ಧಿಯೋ? ಒಂದೂವರೆ ವರ್ಷದಿಂದ ಆ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಉತ್ತರ ಪ್ರತಿ ಸಲವೂ ಅವಳ ಕಡೆಗೇ ಬೆರಳು ತೋರಿಸುತ್ತದೆ. ಅವರು ಹಿಂತಿರುಗಿ ಬಂದರು, ಎದುರಿನ ತೆರವನ್ನು ನೋಡಿದರು, ಸ್ವಲ್ಪ ಹೊಯಿಗೆ ತೆಗೆಸಿದೆವು ಮಾರಾಯ್ತಿ, ಚಪ್ಪರಕ್ಕೆ ಎಂದು ವೆರೊನಿಕಾ ನಗುತ್ತಾ ಹೇಳಿದಳು, ಅವರೂ ನಕ್ಕರು. ರೋಸಿನ ಸಂಜೆ ಸುಗಂಧಿ ಚಪ್ಪಲಿ ಕಳಚಿ ಅಂಗಳಕ್ಕೆ ಬಂದು, ಹೊಯಿಗೆ ಎಷ್ಟು ಮೆತ್ತಗೆ ಉಂಟು ಎಂದು ಕಾಲಿನಿಂದ ಒತ್ತಿ ನೋಡಿ, ಶಾರ್ಲೆಟ್‌ಳ ತಲೆಗೆ ಎರಡು ಕೈಯಿಂದ ತೆಂಗಿನಹಾಲು ಹಚ್ಚಿದ್ದಳು.

ಮುಂದಿನ ಮಳೆಗಾಲದಲ್ಲಿ ಕಡಲು ಆ ತೆರವನ್ನು ಹುಡುಕಿಕೊಂಡು ಬಂತು. ಉಳಿದ ಕಡೆ ದಿಬ್ಬಕ್ಕೆ ಬಡಿದು ಹಿಂದೆ ಹೋದ ನೀರು ಇಲ್ಲಿ ಮಾತ್ರ ನೇರ ಒಳಗೆ ನುಗ್ಗಿ, ಇಕ್ಕೆಲಗಳನ್ನೂ ಕೆಡವಿ, ಇಪ್ಪತ್ತು ಹೆಜ್ಜೆ ಅಗಲ ಮಾಡಿಕೊಂಡಿತು. ಸುಗಂಧಿಯ ಬಾವಿಗೆ ಮೂರು ಸಲ ಕಡಲು ಬಿತ್ತು, ನೀರು ಉಪ್ಪಾಯಿತು. ಊರಿನವರು ಕಡಲ್ಕೊರೆತ ಎಂದರು, ಪೇಪರಿನಲ್ಲೂ ಹಾಗೆಯೇ ಬಂತು, ಫೋಟೋದಲ್ಲಿ ಶೀನ ಬಾವಿಕಟ್ಟೆಯ ಪಕ್ಕ ಕೈಕಟ್ಟಿ ನಿಂತಿದ್ದ. ಕೆಟ್ಟ ಹೆಸರು ಕಡಲಿಗೆ ಬಂದದ್ದು ನೋಡಿ ವೆರೊನಿಕಾಳಿಗೆ ಸಮಾಧಾನವಾಯಿತು. ಆ ಸಮಾಧಾನದ ನೆನಪಾದರೆ ಈಗ ನಾಚಿಕೆಯಾಗುತ್ತದೆ. ಈಸ್ಟರಿಗೆ ಮುಂಚೆ ಇಗರ್ಜಿಯಲ್ಲಿ ಪಾದ್ರಿಯ ಕಿವಿಗೆ ಪಾಪ ಹೇಳಿಕೊಳ್ಳಲು ಹೋದಾಗ, ಸಿಟ್ಟು, ಹೊಟ್ಟೆಕಿಚ್ಚು, ಪೂಜೆ ತಪ್ಪಿಸಿದ್ದು ಎಲ್ಲ ಹೇಳಿ, ಹೊಯಿಗೆ ನಾಲಗೆಯ ತುದಿಗೆ ಬಂದಾಗ ಕೆಮ್ಮಿದಳು. ಹೊಯಿಗೆ ತೆಗೆದದ್ದು ಪಾಪದ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ, ಪಾದ್ರಿಗೇ ಗೊಂದಲವಾದರೆ ಎಂದು ತನಗೆ ತಾನೇ ಹೇಳಿಕೊಂಡಳು.

ಇಷ್ಟಾದರೂ ಬದುಕು ಹೇಗೋ ನಡೆದುಹೋಗುತ್ತಿತ್ತು. ಏಪ್ರಿಲಿನಲ್ಲಿ ಮಣಿಪಾಲದಿಂದ ನಿಖಿತಾ ಬಂದಳು. ಅಲೆವೂರಿನ ಹುಡುಗಿ, ದಿಬ್ಬಗಳ ವಿಷಯವನ್ನೇ ಓದುತ್ತಿದ್ದಾಳಂತೆ. ತುಳು ಚೆನ್ನಾಗಿ ಬರುತ್ತದೆ, ಆದರೆ ಕೈಯಲ್ಲಿ ಕಾಗದ ಹಿಡಿದರೆ ಕನ್ನಡಕ್ಕೆ ತಿರುಗುತ್ತಾಳೆ. ದಿಬ್ಬವನ್ನು ಉಳಿಸುವ ಕೆಲಸ, ಊರಿನವರೇ ಸೇರಿ ಮಾಡುವುದು, ಕಲ್ಲಿನ ತಡೆಗೋಡೆ ಅಲ್ಲ ಎಂದಳು. ನೆನೆಸಿದ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ ಗಾಳಿಮರದ ಗೂಟಕ್ಕೆ ಕಟ್ಟುವುದು, ಬುಡಕ್ಕೆ ಹೊಯಿಗೆ ತುಂಬಿದ ಚೀಲ ಇಡುವುದು, ಹಿಂದೆ ಬಳ್ಳಿ ನೆಡುವುದು. ಗಾಳಿ ಹೊತ್ತು ತಂದ ಹೊಯಿಗೆ ತಟ್ಟಿಗೆ ತಾಗಿ ಅಲ್ಲೇ ಬೀಳುತ್ತದೆ, ಬಳ್ಳಿ ಅದನ್ನು ಹಿಡಿದುಕೊಳ್ಳುತ್ತದೆ. ಕೇಳಲು ಮಕ್ಕಳಾಟದಂತಿತ್ತು. ವೆರೊನಿಕಾ ಅವಳಿಗೆ ಶರಬತ್ತು ಕೊಟ್ಟಳು. ಕುಡಿದು ಮುಗಿಸಿ, ಗ್ಲಾಸು ಕೆಳಗಿಡುತ್ತಾ, ಆಂಟಿ, ಶೀನಣ್ಣನ ಮನೆಯೆದುರು ದಿಬ್ಬ ಇಲ್ಲವಲ್ಲ, ಅದು ಯಾವಾಗಿನಿಂದ ಎಂದು ಕೇಳಿದಳು. ಆ ಪ್ರಶ್ನೆಗೆ ವೆರೊನಿಕಾ ತಯಾರಾಗಿರಲಿಲ್ಲ. ಮೊದಲಿಂದಲೂ ಹಾಗೇ ಉಂಟು ಎಂದುಬಿಟ್ಟಳು. ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ಅರೆಕ್ಷಣ ತಾನೇ ನಂಬಿದಳು. ಹುಡುಗಿ ಬರೆದುಕೊಂಡಳು. ಮಳೆನೀರು ಕಡಲಿಗೆ ಹೋಗುವ ದಾರಿ ಇರಬೇಕು ಎಂದು ಅವಳೇ ಕಾರಣವನ್ನೂ ಕೊಟ್ಟಳು, ವೆರೊನಿಕಾ ತಲೆಯಾಡಿಸಿದಳು. ಒಂದು ಗ್ಲಾಸು ಶರಬತ್ತು ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದುಹೋದ ವಿಷಯ ಅದು.

ಇವತ್ತು ತಟ್ಟಿ ಕಟ್ಟುವ ಕೊನೆಯ ದಿನ. ಮೇ ತಿಂಗಳು ಮುಗಿಯುತ್ತಿದೆ, ಶನಿವಾರ ಅಮಾವಾಸ್ಯೆ. ಗಾಳಿಮರಗಳ ನೆರಳಲ್ಲಿ ಹತ್ತು ಹದಿನೈದು ಹೆಂಗಸರು ಕಾಲು ಚಾಚಿ ಕೂತು ಮಡಲು ಹೆಣೆಯುತ್ತಿದ್ದರು. ವೆರೊನಿಕಾಳ ಕೈ ಎಲ್ಲರಿಗಿಂತ ಚುರುಕು, ಹಾಗಾಗಿ ಅವಳನ್ನು ಮಧ್ಯದಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಸುಗಂಧಿ. ಅವಳು ಹೆಣೆದದ್ದು ಸಡಿಲವಾಯಿತೆಂದು ವೆರೊನಿಕಾ ಬಿಚ್ಚಿ ಬಿಗಿ ಮಾಡಿ ಕೊಡುತ್ತಿದ್ದಳು, ಸುಗಂಧಿ ಅದಕ್ಕೂ ಹೊಗಳುತ್ತಿದ್ದಳು. ಕಡಲು ಮುಂಜಾನೆಯಿಂದಲೇ ಬಣ್ಣ ಬದಲಿಸಿತ್ತು. ದೂರದಲ್ಲಿ ನೀರು ಕೆಸರಿನ ಬಣ್ಣಕ್ಕೆ ತಿರುಗಿ, ಅಲೆ ಒಡೆಯುವ ಜಾಗ ನಿನ್ನೆಗಿಂತ ಹತ್ತಿರ ಬಂದಂತಿತ್ತು; ಬೇರೆ ಯಾರಿಗೂ ಹಾಗೆ ಅನಿಸಿದಂತೆ ಕಾಣಲಿಲ್ಲ, ಅವರು ನಗುತ್ತಿದ್ದರು. ತಟ್ಟಿಯ ಸಾಲು ತೆಂಕಿನಿಂದ ಬರುತ್ತಾ ಬರುತ್ತಾ ಸುಗಂಧಿಯ ಮನೆಯೆದುರಿಗೆ ಬಂದು ನಿಂತಿತು. ಗೂಟ ಹೂಳುತ್ತಿದ್ದವರು ಇಪ್ಪತ್ತು ಹೆಜ್ಜೆ ಬಿಟ್ಟು ಆಚೆಯಿಂದ ಮತ್ತೆ ಶುರು ಮಾಡಿದರು. ಸುಗಂಧಿಯ ಕೈ ನಿಧಾನವಾಯಿತು. ಸ್ವಲ್ಪ ಹೊತ್ತು ನೋಡಿದಳು, ಎದ್ದು ಸೀರೆಗಂಟಿದ ಹೊಯಿಗೆ ಕೊಡವಿ ನಿಖಿತಾಳ ಹತ್ತಿರ ಹೋದಳು. ನಮ್ಮ ಮನೆಯ ಎದುರು ಮಾತ್ರ ಯಾಕೆ ಬಿಟ್ಟದ್ದು ಎಂದು ಕೇಳಿದ್ದು ವೆರೊನಿಕಾಳಿಗೆ ಸ್ಪಷ್ಟವಾಗಿ ಕೇಳಿಸಿತು. ನಿಖಿತಾ ನಕ್ಷೆ ಬಿಡಿಸಿ ತೋರಿಸಿದಳು: ಇದು ಮೊದಲಿನಿಂದ ಇದ್ದ ನೀರಿನ ದಾರಿ, ಇದನ್ನು ಮುಚ್ಚಿದರೆ ಮಳೆನೀರು ನಿಮ್ಮ ಅಂಗಳದಲ್ಲೇ ನಿಲ್ಲುತ್ತದೆ, ಊರಿನ ಹಿರಿಯರನ್ನು ಕೇಳಿಯೇ ಗುರುತು ಹಾಕಿದ್ದೇವೆ. ಯಾವ ಹಿರಿಯರು ಎಂದಳು ಸುಗಂಧಿ. ಹುಡುಗಿ ಮುಗ್ಧವಾಗಿ ಮಡಲಿನ ರಾಶಿಯ ಕಡೆ ಕೈ ತೋರಿಸಿದಳು. ವೆರೊನಿಕಾ ತಲೆ ತಗ್ಗಿಸಿ ಒಂದು ಗರಿಯನ್ನು ತಪ್ಪಾಗಿ ಮಡಚಿದಳು, ಬಿಚ್ಚಿದಳು, ಮತ್ತೆ ತಪ್ಪಾಗಿ ಮಡಚಿದಳು. ಸುಗಂಧಿ ಮರಳಿ ಬಂದು ಪಕ್ಕದಲ್ಲಿ ಕೂತಳು. ಹೊಸ ಮಡಲೊಂದನ್ನು ಎಳೆದುಕೊಂಡು, ಅದನ್ನು ನೀವೇ ಹೇಳಿದ್ದಂತೆ, ಅಲ್ವಾ ಎಂದಳು, ಅಷ್ಟೇ.

ಊಟಕ್ಕೆ ಮನೆಗೆ ಬಂದಾಗ ಗಂಡ ಜೋಕಿಮ್ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಭರತ ಇಳಿತದ ಹೊತ್ತು ನೋಡುತ್ತಿದ್ದ. ಬಹರೈನಿನಿಂದ ಬಂದು ಆರು ವರ್ಷವಾದರೂ ಅವನಿಗೆ ಎಲ್ಲವೂ ವೇಳಾಪಟ್ಟಿಯಲ್ಲೇ ಇರಬೇಕು. ಶನಿವಾರ ಮಧ್ಯಾಹ್ನ ಭರತ ಜೋರು, ಗಾಳಿಯೂ ಉಂಟಂತೆ ಎಂದು ಓದಿದ. ವೆರೊನಿಕಾ ಅನ್ನ ಬಡಿಸಿ, ತಾನು ಉಣ್ಣದೆ, ತೆರವನ್ನು ಮುಚ್ಚುವುದಿಲ್ಲವಂತೆ ಎಂದಳು. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನು ಮೀನಿನ ಮುಳ್ಳನ್ನು ಬಹಳ ಜಾಗ್ರತೆಯಿಂದ ಬಿಡಿಸತೊಡಗಿದ್ದರಿಂದ ತಿಳಿಯಿತು. ಕಡಲ ಹೊಯಿಗೆ ತೆಗೆಯುವುದು ಕಾನೂನಿನಲ್ಲಿ ಅಪರಾಧ, ಹೇಳಿದರೆ ಕೇಸಾಗುತ್ತದೆ, ಠಾಣೆಗೆ ಕರೆಯುತ್ತಾರೆ, ಪೇಪರಿನಲ್ಲಿ ಬಂದರೆ ಕುಕ್ಕುಂದೂರಿನ ಬೀಗಿತ್ತಿ ನಮ್ಮ ಹುಡುಗಿಯನ್ನು ಚುಚ್ಚದೆ ಬಿಡುತ್ತಾಳಾ ಎಂದ. ಎಲ್ಲವೂ ನಿಜ. ಇಷ್ಟು ದಿನ ಅವಳು ಹೆದರಿದ್ದೂ ಇದಕ್ಕೇ. ಯಾರೂ ಕೇಳಲಿಲ್ಲವಲ್ಲ, ಕೇಳದೆ ಯಾಕೆ ಹೇಳುವುದು ಎಂದ ಜೋಕಿಮ್. ಕೇಳಿದ್ದರು, ತಾನು ಉತ್ತರ ಕೊಟ್ಟಾಗಿದೆ ಎಂದು ಅವಳು ಹೇಳಲಿಲ್ಲ. ಶನಿವಾರದ ನೀರು ಕಣ್ಣೆದುರು ಬಂತು: ಓಣಿಯಲ್ಲಿ ನುಗ್ಗಿ, ಸುಗಂಧಿಯ ಹೊಸ್ತಿಲು ದಾಟಿ, ಒಲೆಯ ಬೂದಿಯನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೋಗುವ ನೀರು. ಕಳೆದ ವರ್ಷ ಅದು ಬಾವಿಯವರೆಗೆ ಬಂದಿತ್ತು. ಬಾವಿಯಿಂದ ಮನೆಯ ಗೋಡೆಗೆ ಏಳೆಂಟು ಹೆಜ್ಜೆ, ಮಣ್ಣಿನ ಗೋಡೆ. ಶೀನನಿಗೆ ಈಗ ಬಲಗಾಲು ಎತ್ತಲು ಕಷ್ಟ, ಓಡಲಾಗುವುದಿಲ್ಲ. ಅವಳು ಎದ್ದು ಕೈ ತೊಳೆದಳು. ಉಂಡಿರಲೇ ಇಲ್ಲ, ಆದರೂ ತೊಳೆದಳು.

ಮೂರು ಗಂಟೆಗೆ ನಿಖಿತಾ ಎಲ್ಲರನ್ನೂ ತೆರವಿನ ಹತ್ತಿರ ಕರೆದಳು. ಸುಗಂಧಿ ಅಕ್ಕ ಬೆಳಿಗ್ಗೆ ಸಂಶಯ ಹೇಳಿದ್ದಾರೆ, ಮುಚ್ಚುವುದೋ ಬಿಡುವುದೋ ಇವತ್ತೇ ತೀರ್ಮಾನವಾಗಬೇಕು, ನಾಳೆ ನಮ್ಮ ತಂಡ ಬೇರೆ ಊರಿಗೆ ಹೋಗುತ್ತದೆ ಎಂದಳು. ಕಾಗದ ಕೈಯಲ್ಲಿತ್ತು, ಕನ್ನಡ ಶುರುವಾಗಿತ್ತು. ವೆರೊನಿಕಾ ಹೆಂಗಸರ ಹಿಂದೆ ನಿಂತಳು. ಹುಡುಗಿ ಅವಳನ್ನು ಕೇಳಲಿಲ್ಲ. ಅವಳದ್ದು ಆಗಲೇ ಬರೆದಾಗಿತ್ತು. ಎಲ್ಲರಿಗಿಂತ ಈ ಜಾಗ ಬಲ್ಲವನು ಶೀನ, ಅವನನ್ನೇ ಮುಂದೆ ಕರೆದಳು. ಶೀನ ಕೋಲು ಊರಿಕೊಂಡು ಬಂದ. ತೆರವನ್ನು ನೋಡಿದ, ಕಡಲನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಲಿಲ್ಲ. ಹೇಳಲಿ, ಇವನೇ ಹೇಳಿಬಿಡಲಿ, ತನ್ನ ಬಾಯಿಯಿಂದ ಬರುವುದು ತಪ್ಪಲಿ ಎಂದೂ, ದೇವರೇ ಇವನು ಹೇಳದಿರಲಿ ಎಂದೂ ವೆರೊನಿಕಾ ಒಂದೇ ಉಸಿರಿನಲ್ಲಿ ಬೇಡಿಕೊಂಡಳು.

"ಬಾಯಮ್ಮ ಹೇಳಿದ್ದು ಸರಿ. ಇಲ್ಲಿ ದಿಬ್ಬ ಇರಲಿಲ್ಲ," ಎಂದ ಶೀನ. "ನನ್ನ ಅಪ್ಪ ಇದೇ ದಾರಿಯಲ್ಲಿ ದೋಣಿ ಎಳೆಯುತ್ತಿದ್ದ."

ಅವನ ಅಪ್ಪನನ್ನು ವೆರೊನಿಕಾ ಕಂಡಿದ್ದಳು. ಮದುವೆಯಾಗಿ ಬಂದ ಮೊದಲ ವರ್ಷ, ಬೆಳಗಿನ ಹೊತ್ತು ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಇದೇ ಜಾಗದಲ್ಲಿ, ಆಳೆತ್ತರಕ್ಕೂ ಮೇಲಿದ್ದ ದಿಬ್ಬದ ನೆತ್ತಿಯಲ್ಲಿ ಆ ಮುದುಕ ಹಣೆಗೆ ಕೈ ಹಚ್ಚಿ ನಿಂತಿರುತ್ತಿದ್ದ. ಮೀನಿನ ಹಿಂಡು ಬಂದರೆ ನೀರಿನ ಬಣ್ಣದಲ್ಲೇ ಅವನಿಗೆ ತಿಳಿಯುತ್ತಿತ್ತು. ಅಲ್ಲಿಂದ ಕೂಗು ಹಾಕಿದರೆ ಕೆಳಗೆ ಬಲೆಯವರು ಓಡುತ್ತಿದ್ದರು. ಊರೆಲ್ಲ ಅದನ್ನು ಅವನ ಹೆಸರಿನ ದಿಬ್ಬವೆಂದೇ ಕರೆಯುತ್ತಿತ್ತು. ಶೀನನಿಗೆ ಅದು ಮರೆತುಹೋಗಿದೆಯೇ? ಅವಳು ಅವನ ಮುಖ ನೋಡಿದಳು. ಮರೆತವನ ಮುಖವಲ್ಲ ಅದು. ಸಾಲ ಕೇಳಲು ಬಂದವನಂತೆ ಅವನು ಅವಳ ಕಡೆ ಒಮ್ಮೆ ನೋಡಿ ಸಣ್ಣಗೆ ನಕ್ಕ. ಆಗ ಅವಳಿಗೆ ಎಲ್ಲ ತಿಳಿಯಿತು. ಇವನಿಗೆ ಮೊದಲಿಂದ ಗೊತ್ತುಂಟು. ಇವನ ಹೆಂಡತಿ ದಿನಾ ತನ್ನ ಬಾವಿಗೆ ಬರುತ್ತಾಳೆ, ಆ ಬಾವಿ ಇವತ್ತು ಸಂಜೆಯೂ ಬೇಕು, ನಾಳೆಯೂ ಬೇಕು. ಎರಡು ಕೊಡ ನೀರಿಗಾಗಿ ಈ ಮನುಷ್ಯ ತನ್ನ ಅಪ್ಪನನ್ನು ದಿಬ್ಬದ ಮೇಲಿಂದ ಕೆಳಗಿಳಿಸಿದ. ಇಷ್ಟು ದಿನ ಸಿಕ್ಕಿಬೀಳುತ್ತೇನೆಂದು ಹೆದರಿದ್ದಳು. ಈಗ ಬಂದ ಹೆದರಿಕೆ ಬೇರೆಯೇ. ಸಿಕ್ಕಿಬೀಳಿಸುವವರು ಯಾರೂ ಇಲ್ಲ ಎಂಬ ಹೆದರಿಕೆ. ತಾನು ಸುಮ್ಮನಿದ್ದರೆ ಇವರೂ ಸುಮ್ಮನಿರುತ್ತಾರೆ, ಮನೆ ಮುಳುಗುವವರೆಗೂ, ಮುಳುಗಿದ ಮೇಲೂ ಹೊಗಳುತ್ತಾರೆ.

ನಿಖಿತಾ ಪೆನ್ನಿನ ಮುಚ್ಚಳ ತೆಗೆದಳು. ವೆರೊನಿಕಾ ಹೆಂಗಸರನ್ನು ಸರಿಸಿ ಮುಂದೆ ಬಂದಳು. ಹೇಳಬೇಕಾದದ್ದನ್ನು ಮಧ್ಯಾಹ್ನದಿಂದ ಮನಸ್ಸಿನಲ್ಲಿ ನೂರು ಸಲ ಜೋಡಿಸಿಟ್ಟಿದ್ದಳು; ಬಾಯಿ ತೆರೆದಾಗ ಬಂದದ್ದು ಬೇರೆಯೇ.

"ಶೀನ ಹೇಳಿದ್ದು ಸುಳ್ಳು," ಎಂದಳು.

ಎಲ್ಲರೂ ಶೀನನ ಕಡೆ ತಿರುಗಿದರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವನ ಮುಖದ ನಗು ಹಾಗೆಯೇ ಇತ್ತು, ತೆಗೆದಿಡಲು ಜಾಗ ಸಿಗದವನಂತೆ. ಅಯ್ಯೋ, ಹೀಗಲ್ಲ, ಹೀಗಲ್ಲ ಎಂದುಕೊಂಡು ವೆರೊನಿಕಾ ಉಳಿದದ್ದನ್ನು ಗಡಿಬಿಡಿಯಲ್ಲಿ ಸುರಿದಳು. ಇಲ್ಲಿ ದಿಬ್ಬ ಇತ್ತು, ನಾನು ತೆಗೆಸಿದ್ದು, ಹನ್ನೊಂದು ಲೋಡು, ಮಗಳ ರೋಸಿಗೆ, ಇವರು ಊರಲ್ಲಿ ಇಲ್ಲದಾಗ, ಏಪ್ರಿಲಿನಲ್ಲಿ ನಿನಗೆ ಹೇಳಿದ್ದೂ ನಾನೇ, ಮುಚ್ಚಿ, ಇದನ್ನು ಮುಚ್ಚಿ. ಅಲೆಯೊಂದು ತೆರವಿನ ಬಾಯಿಯವರೆಗೆ ಬಂದು ನೊರೆ ಬಿಟ್ಟು ಹೋಯಿತು. ನಿಖಿತಾ ಕೈಯಲ್ಲಿದ್ದ ಕಾಗದವನ್ನು ಕೆಳಗಿಳಿಸಿದಳು. ಆಮೇಲೆ, ಕಾರಣ ಬರೆಯುವಾಗ ಹೆಸರೂ ಬರೆಯಬೇಕಾಗುತ್ತದೆ ಆಂಟಿ ಎಂದಳು, ತುಳುವಿನಲ್ಲಿ, ಮೆಲ್ಲಗೆ. ಬರಿ ಎಂದಳು ವೆರೊನಿಕಾ. ಪೂರ್ತಿ ಹೆಸರು, ಗಂಡನ ಹೆಸರು, ಮನೆಯ ನಂಬರು ಹೇಳಿದಳು. ಒಂದೊಂದು ಹೇಳುವಾಗಲೂ ಮೈಮೇಲಿನ ಬಟ್ಟೆ ಒಂದೊಂದಾಗಿ ಕಳಚಿದಂತಾಗುತ್ತಿತ್ತು. ಆಮೇಲೆ ಧೈರ್ಯ ಮಾಡಿ ಸುಗಂಧಿಯ ಹತ್ತಿರ ಹೋದಳು. ಸುಗಂಧಿಯ ಕಣ್ಣು ಗಂಡನ ಮೇಲಿತ್ತು. ಅವನು ಕೋಲು ಊರುತ್ತಾ, ಜನರ ಮಧ್ಯದಿಂದ ಬಿಡಿಸಿಕೊಂಡು, ಮನೆಯ ಕಡೆ ಹೋಗುತ್ತಿದ್ದ.

"ಹೊಯಿಗೆ ವಿಷಯ ನನಗೆ ಗೊತ್ತಿತ್ತು ಬಾಯಮ್ಮ," ಎಂದಳು ಸುಗಂಧಿ. "ಅವರನ್ನು ಯಾಕೆ ಹತ್ತು ಜನರ ಎದುರು ಸುಳ್ಳುಗಾರ ಮಾಡಿದಿರಿ?"

ಅಷ್ಟು ಹೇಳಿ ಸೀದಾ ಹೋಗಿ ತಟ್ಟಿಯ ಒಂದು ತುದಿ ಹಿಡಿದಳು. ಗೂಟ ಸಾಲದೆ ಬಡಗಿನ ಸಾಲಿನಿಂದ ನಾಲ್ಕು ಕಿತ್ತು ತಂದರು. ಇಪ್ಪತ್ತು ಹೆಜ್ಜೆ ಉದ್ದಕ್ಕೆ ಎರಡು ಪದರ ತಟ್ಟಿ ಎದ್ದಿತು; ಚೀಲಗಳು ನಾಳೆ ಬರುತ್ತವೆ, ಇಲ್ಲದಿದ್ದರೆ ನಾಡಿದ್ದು, ಶನಿವಾರದೊಳಗೆ ಖಂಡಿತ ಎಂದು ನಿಖಿತಾ ಫೋನಿನಲ್ಲಿ ಮಾತಾಡಿ ಬಂದು ಹೇಳಿದಳು. ಖಂಡಿತ ಎಂಬ ಮಾತನ್ನು ಅವಳು ಎರಡು ಸಲ ಹೇಳಿದ್ದರಿಂದ ವೆರೊನಿಕಾಳಿಗೆ ಭಯವಾಯಿತು. ತಟ್ಟಿಯ ಹಿಂದೆ ನೇರಳೆ ಹೂ ಬಿಡುವ ಕಡಲಬಳ್ಳಿಯ ತುಂಡುಗಳನ್ನು ನೆಟ್ಟರು. ಮಳೆ ಹಿಡಿಯುವವರೆಗೆ ದಿನಾ ಸಿಹಿನೀರು ಬೇಕು, ಉಪ್ಪುನೀರು ಬಿದ್ದರೆ ಬೇರು ಬಿಡುವ ಮೊದಲೇ ಸುಟ್ಟುಹೋಗುತ್ತದೆ ಎಂದು ಹುಡುಗಿ ಹೇಳುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವೆರೊನಿಕಾಳ ಹತ್ತಿರ ಒಬ್ಬರೂ ಒಂದು ಕಟು ಮಾತು ಆಡಲಿಲ್ಲ. ಮಧ್ಯದಲ್ಲಿ ಅವಳು ಕೂತಿದ್ದ ಜಾಗವನ್ನು ಮಾತ್ರ ಖಾಲಿ ಬಿಟ್ಟು ಸುತ್ತ ಕೂತರು.

ಸಂಜೆ ಆರಕ್ಕೆ ಸುಗಂಧಿ ಮತ್ತೊಮ್ಮೆ ನೀರಿಗೆ ಬರುವ ಹೊತ್ತು. ವೆರೊನಿಕಾ ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಮೆಟ್ಟಿಲ ಮೇಲೆ ಕೂತಳು. ಜೋಕಿಮ್ ಒಳಗೆ ಶಾರ್ಲೆಟ್‌ಳ ಜೊತೆ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದ. ಅಮ್ಮನಿಗೆ ತಲೆ ಕೆಟ್ಟಿದೆ ಎಂಬುದೊಂದು ಹೊರಗೆ ಕೇಳಿತು. ಆರೂಕಾಲಾಯಿತು. ರಾಟೆಯ ಹಗ್ಗ ಗಾಳಿಗೆ ಅಲ್ಲಾಡುತ್ತಿತ್ತು. ಹೊಗಳಿಕೆಗೆ ಹೆದರಿ ಬಾಗಿಲ ಹಿಂದೆ ಅಡಗುತ್ತಿದ್ದವಳು ಈಗ ಆ ಒದ್ದೆ ಕಾಲಿನ ಸದ್ದಿಗಾಗಿ ಕಿವಿಯಾಗಿ ಕೂತಿದ್ದಳು. ಆರೂವರೆಯಾಯಿತು. ಅವರು ಏನು ಕುಡಿಯುತ್ತಾರೆ? ಎದ್ದು ಬಾವಿಗೆ ಹೋಗಿ ತಾನೇ ಸೇದಿದಳು. ಹಗ್ಗ ಅಂಗೈಯನ್ನು ಎಷ್ಟು ಉರಿಸುತ್ತದೆಂದು ಅವಳಿಗೆ ಮರೆತೇಹೋಗಿತ್ತು. ಕೊಡವನ್ನು ಸೊಂಟಕ್ಕೇರಿಸಿ ರಸ್ತೆ ದಾಟುವಾಗ ನೀರು ತುಳುಕಿ ಸೀರೆ ನೆನೆಯಿತು. ಓಣಿಯ ಆಚೆ ಈಚೆಯ ಮನೆಗಳ ಜಗಲಿಯಲ್ಲಿದ್ದವರು ಮಾತು ನಿಲ್ಲಿಸಿದರು.

ಶೀನ ಅಂಗಳದಲ್ಲಿದ್ದ. ಅವಳನ್ನು ಕಂಡು ಕೋಲನ್ನೂ ತೆಗೆದುಕೊಳ್ಳದೆ ಗೋಡೆ ಹಿಡಿದು ಒಳಗೆ ಹೋದ. ಸುಗಂಧಿ ಹೊಸ್ತಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಕೊಡಪಾನದಲ್ಲಿ ಅವರದೇ ಉಪ್ಪುಬಾವಿಯಿಂದ ಸೇದಿದ ನೀರಿತ್ತು. ಕ್ಷಮೆ ಕೇಳಲು ವೆರೊನಿಕಾ ಬಾಯಿ ತೆರೆದಳು. ಇನ್ನೇನು ತಪ್ಪು ಮಾತು ಹೊರಬೀಳುತ್ತದೋ ಎಂದು ಹೆದರಿ ಮುಚ್ಚಿದಳು. ಕೊಡವನ್ನು ಮುಂದೆ ಚಾಚಿದಳು. ಸುಗಂಧಿ ಸ್ವಲ್ಪ ಹೊತ್ತು ನೋಡಿ, ಎರಡು ಕೈಯಿಂದ ತೆಗೆದುಕೊಂಡಳು. ವೆರೊನಿಕಾಳ ಕಣ್ಣು ತುಂಬಿತು. ಆದರೆ ಸುಗಂಧಿ ಒಳಗೆ ಹೋಗಲಿಲ್ಲ. ಅಂಗಳ ಇಳಿದು ತಟ್ಟಿಯ ಹತ್ತಿರ ನಡೆದು, ಕೂತು, ಕೊಡದಿಂದ ಬೊಗಸೆ ಬೊಗಸೆಯಾಗಿ ನೀರು ತೆಗೆದು ಒಂದೊಂದು ಬಳ್ಳಿಯ ಬುಡಕ್ಕೂ ಹಾಕತೊಡಗಿದಳು. ಅವಸರ ಇರಲಿಲ್ಲ. ಮಡಲಿನ ಆಚೆ ಕಡಲು ಏರುತ್ತಿತ್ತು. ಗರಿಗಳ ಸಂದಿನಿಂದ ನೊರೆ ಕಾಣುತ್ತಿತ್ತು, ಒಮ್ಮೆ ತಟ್ಟಿಯ ಬುಡಕ್ಕೆ ಬಂದು ತಾಗಿತು, ಗೂಟಗಳು ಸಣ್ಣಗೆ ನಡುಗಿದವು. ಸುಗಂಧಿ ತಲೆಯೆತ್ತಲಿಲ್ಲ. ಕೊನೆಯ ಬೊಗಸೆಯನ್ನೂ ಹೊಯ್ದು, ಕೊಡವನ್ನು ಬೋರಲು ಮಾಡಿ ಹನಿ ಇಳಿಸಿ, ತಂದು ವೆರೊನಿಕಾಳ ಕೈಗೆ ಕೊಟ್ಟಳು.

"ನಾಳೆಯೂ ತನ್ನಿ," ಎಂದಳು.

ಎಷ್ಟು ದಿನ ಎಂದು ಕೇಳುವ ಧೈರ್ಯ ವೆರೊನಿಕಾಳಿಗೆ ಬರಲಿಲ್ಲ.